ಅವ್ವನ ಕೊಲೆಗಾರನಿಗೆ ನಾನು ಕೇಳಿದ ಪ್ರಶ್ನೆ

ನನ್ನ ಅವ್ವ ಆ ಪತ್ತೇದಾರಿ ಕಾದಂಬರಿಕಾರನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಅವಳ ಬಾಯಲ್ಲಿ ಆತ ಯಾವಾಗಲೂ ‘ನಮ್ಮ ಕೊಲಿಗಾರ’. ‘ನಮ್ಮ ಕೊಲಿಗಾರಂದು ಹೊಸಾದು ಬಂತೇನು?’ ಎಂದು ಕೇಳುತ್ತಿದ್ದಳು, ಮಾರ್ಕೆಟ್ಟಿಗೆ ಮಾವಿನಹಣ್ಣು ಬಂತೇ ಎಂದು ವಿಚಾರಿಸುವ ಹಾಗೆ.

ಅವ್ವ ಬಳ್ಳಾರಿಯ ಕಾರ್ಖಾನೆಯೊಂದರಲ್ಲಿ ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದಳು. ಊಟದ ಬಿಡುವಿನಲ್ಲಿ ಉಳಿದ ಹೆಂಗಸರು ರೊಟ್ಟಿಯ ಬುತ್ತಿ ಬಿಚ್ಚಿದರೆ ಇವಳು ಬಟ್ಟೆಯ ಗಂಟಿಗೆ ಒರಗಿ ಆತನ ಪುಸ್ತಕ ಬಿಚ್ಚುತ್ತಿದ್ದಳು. ಅವಳು ಮುಗಿಸಿದ ಮೇಲೆ ಅದು ಪಕ್ಕದ ಮಷೀನಿಗೆ, ಅಲ್ಲಿಂದ ಅದರಾಚೆಯ ಮಷೀನಿಗೆ. ಯಾರಾದರೂ ಕೊಲೆಗಾರ ಯಾರೆಂದು ಬಾಯಿಬಿಟ್ಟರೆ ಅವರ ಸಂಗಡ ಒಂದು ವಾರ ಮಾತಿಲ್ಲ.

ಆತನ ಮೊದಲಿನ ಪುಸ್ತಕಗಳು ಅಷ್ಟು ಚೆನ್ನಾಗಿದ್ದವು. ಎಲ್ಲ ಸುಳಿವೂ ಕಣ್ಣೆದುರೇ ಇರುತ್ತಿತ್ತು, ಆದರೂ ಕೊನೆಯ ಪುಟದವರೆಗೆ ಯಾರಿಗೂ ಹೊಳೆಯುತ್ತಿರಲಿಲ್ಲ. ಅವ್ವನಿಗೆ ಸೋಲುವುದೇ ಸುಖ. ತೊಡೆ ತಟ್ಟಿಕೊಂಡು, ಪುಟಗಳನ್ನು ಹಿಂದಕ್ಕೆ ತಿರುವಿ, ‘ಎದುರಿಗೇ ಇಟ್ಟಾನ ನೋಡಲೇ! ನನ್ನ ಕಣ್ಣಾಗ ಮಣ್ಣು ಹಾಕಿದ’ ಎಂದು ನಗುತ್ತಿದ್ದಳು.

ಸಕ್ಕರೆ ಕಾಯಿಲೆ ಕಣ್ಣನ್ನು ತಿಂದ ಮೇಲೆ ಹೊಲಿಗೆಯೂ ನಿಂತಿತು, ಓದೂ ನಿಂತಿತು. ಕುರುಗೋಡಿನಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಇರಲು ಹೋದಳು. ನಾನು ಬಳ್ಳಾರಿಯ ಗಾಂಧಿನಗರದಲ್ಲಿ ಮನೆ ಮಾಡಿಕೊಂಡು, ಸಿರುಗುಪ್ಪದ ಒಂದು ಹೈಸ್ಕೂಲಿಗೆ ಕನ್ನಡ ಕಲಿಸಲು ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಭಾನುವಾರ ಮಾತ್ರ ಕುರುಗೋಡು. ಪಡಸಾಲೆಯಲ್ಲಿ ಅವ್ವ ಗೋಡೆಗೆ ಒರಗಿ ಕೂತರೆ ನಾನು ಗಟ್ಟಿಯಾಗಿ ಓದುತ್ತಿದ್ದೆ. ತಮ್ಮನ ಹೆಂಡತಿ ಜೋಳ ಹಸನು ಮಾಡುತ್ತ ಕೂತವಳು ಕೈ ನಿಲ್ಲಿಸಿ ಕೇಳುತ್ತಿದ್ದಳು.

ಆತ ಕೆಟ್ಟದ್ದು ಮೊದಲು ತಿಳಿದದ್ದು ಅವ್ವನಿಗೇ. ಒಂದು ಭಾನುವಾರ ಎರಡನೇ ಅಧ್ಯಾಯ ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲಿ ಕೈ ಅಡ್ಡ ಹಿಡಿದಳು.

‘ಆ ಕಾಂಪೌಂಡರ್ ಕೊಂದಾನ. ಸಾಕು, ಚಾ ಮಾಡು.’

‘ಇರವ್ವಾ, ಇನ್ನೂ ಎಷ್ಟ್ ಐತಿ.’

ಹಟಕ್ಕೆ ಬಿದ್ದು ಕೊನೆಯವರೆಗೆ ಓದಿದೆ. ಕಾಂಪೌಂಡರೇ ಕೊಂದಿದ್ದ. ‘ಗೆದ್ದಿ ನೋಡು’ ಎಂದೆ.

‘ಗೆದ್ದು ಏನ್ ಮಾಡ್ಲಿ? ಅವ ಆಟಾನೇ ಆಡಲಿಲ್ಲ’ ಎಂದಳು.

ಆಮೇಲೆ ಬಂದ ಪುಸ್ತಕಗಳು ಇನ್ನೂ ಹೀನ. ಒಂದರಲ್ಲಿ ಹಳೆಯ ಕಥೆಗೆ ಊರು ಮಾತ್ರ ಬದಲಿಸಿದ್ದ. ಇನ್ನೊಂದರಲ್ಲಿ ತಾನು ಸುತ್ತಿಬಂದ ದೇಶಗಳ ಹೋಟೆಲುಗಳ ವರ್ಣನೆಯೇ ಅರ್ಧ ಪುಸ್ತಕ. ಹೆಣ ಬೀಳುವ ಹೊತ್ತಿಗೆ ಅವ್ವ ನಿದ್ದೆ ಹೋಗಿದ್ದಳು. ರಕ್ಷಾಪುಟದ ಮೇಲೆ ಆತನ ಫೋಟೋ ಮಾತ್ರ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿತ್ತು.

ಅವ್ವನ ಕಿಡ್ನಿ ಕೈಕೊಟ್ಟಾಗ ಡಯಾಲಿಸಿಸ್‌ಗೆಂದು ಬಳ್ಳಾರಿಗೆ ಕರೆತರುತ್ತಿದ್ದೆವು. ಅದೇ ಸಮಯಕ್ಕೆ ಆತನ ದಪ್ಪನೆಯ ಪುಸ್ತಕವೊಂದು ಬಂತು. ‘ಈ ಸಲ ಸರಿ ಬರೆದಿರ್ತಾನ, ಓದು’ ಎಂದಳು. ಯಂತ್ರ ಗುಂಯ್‌ಗುಡುತ್ತಿದ್ದಾಗ ಪಕ್ಕದ ಸ್ಟೂಲಿನ ಮೇಲೆ ಕೂತು ಓದುತ್ತಿದ್ದೆ. ಸೂಜಿ ಚುಚ್ಚದ ಕೈಯ ಬೆರಳು ಮಡಚುತ್ತ ಅವಳು ಅನುಮಾನದವರನ್ನು ಲೆಕ್ಕ ಹಾಕುತ್ತಿದ್ದಳು: ಮೈದುನ, ಡ್ರೈವರ್, ಆ ನರ್ಸಮ್ಮ. ಬಹಳ ದಿನಗಳ ಮೇಲೆ ಮುಖದಲ್ಲಿ ಆ ಹಳೆಯ ಕಳೆ ಬಂದಿತ್ತು. ‘ಇವತ್ತು ಸೋತೆ ಅನ್ನಸ್ತೈತಿ’ ಎಂದು ಖುಷಿಪಟ್ಟಳು.

ಕೊನೆಯ ಅಧ್ಯಾಯದಲ್ಲಿ ಕೊಲೆಗಾರ ಸತ್ತವನ ಅವಳಿ ಅಣ್ಣನೆಂದು ಗೊತ್ತಾಯಿತು. ಅಲ್ಲಿಯವರೆಗೆ ಅಂಥವನೊಬ್ಬ ಇದ್ದಾನೆಂಬ ಒಂದು ಸಾಲೂ ಇರಲಿಲ್ಲ. ನಾನೇ ಬೇರೆ ಏನಾದರೂ ಕಟ್ಟಿ ಹೇಳಿಬಿಡಲೇ ಎಂದುಕೊಂಡೆ. ಆದರೆ ಅವ್ವನಿಗೆ ನನ್ನ ದನಿಯ ಸುಳ್ಳು ತಿಳಿಯುತ್ತಿತ್ತು. ಇದ್ದದ್ದನ್ನು ಇದ್ದ ಹಾಗೇ ಓದಿದೆ.

ಅವ್ವ ಮಡಚಿದ್ದ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿದಳು. ‘ಅವಳಿ ಅಣ್ಣನಾ? ಇಷ್ಟೊತ್ತು ಎಲ್ಲಿ ಹಾಳಾಗಿ ಹೋಗಿದ್ದ ಅವ?’ ಎಂದಳು. ಆಮೇಲೆ ಮುಖವನ್ನು ಗೋಡೆಯ ಕಡೆ ಹೊರಳಿಸಿ, ‘ನನಗ ಮೋಸ ಮಾಡಿದ’ ಎಂದಳು.

ಮತ್ತೊಂದು ಪುಸ್ತಕ ಅವಳು ಕೇಳಲಿಲ್ಲ. ಕೇಳುವಷ್ಟು ದಿನ ಉಳಿಯಲೂ ಇಲ್ಲ.

ಕಾಯಿಲೆಯ ಮೇಲೆ ಸೇಡು ತೀರಿಸಿಕೊಳ್ಳಲು ಬರುವುದಿಲ್ಲ. ಆತನ ಮೇಲೆ ಬರುತ್ತಿತ್ತು. ಪ್ರಕಾಶಕರ ಫೇಸ್‌ಬುಕ್ ಪುಟದಲ್ಲಿ ನಡೆದದ್ದನ್ನೆಲ್ಲ ಬರೆದೆ: ನನ್ನ ತಾಯಿ ಕೊನೆಯದಾಗಿ ಕೇಳಿದ ಕಥೆ ಇದು, ನಿಮ್ಮ ಲೇಖಕರಿಗೆ ತಲುಪಿಸಿ ಎಂದು. ಎರಡು ಕೈ ಮುಗಿದ ಚಿತ್ರವೊಂದು ಉತ್ತರವಾಗಿ ಬಂತು, ಕೆಳಗೆ ಮುಂದಿನ ಕಾದಂಬರಿಯನ್ನು ಮುಂಗಡ ಕಾದಿರಿಸುವ ಲಿಂಕು.

ನಾನು ಆ ಮುಂದಿನ ಕಾದಂಬರಿಯನ್ನೂ ಕೊಂಡೆ. ಅದು ಬಳ್ಳಾರಿಯಲ್ಲೇ ನಡೆಯುವ ಕಥೆ. ನಮ್ಮ ಶಾಲೆಯ ಗಣಿತದ ಮೇಡಂ ನನ್ನ ಬಸ್ಸಿನ ಜೊತೆಗಾರ್ತಿ. ಆಂಧ್ರದ ಕಡೆಯವರು, ಮಾತಿನ ನಡುವೆ ತೆಲುಗು ನುಸುಳುತ್ತಿತ್ತು; ಆತನ ಹಳೆಯ ಪುಸ್ತಕಗಳನ್ನೆಲ್ಲ ಓದಿದ್ದವರು. ಇಬ್ಬರೂ ಒಂದೇ ಪ್ರತಿಯನ್ನು ಹಂಚಿಕೊಂಡು ಓದಿದೆವು. ಪತ್ತೇದಾರ ಹೊಳೆಯೇ ಇಲ್ಲದ ಕುಡತಿನಿಯಲ್ಲಿ ದೋಣಿ ಹತ್ತುತ್ತಿದ್ದ. ಮೊದಲು ಹೆಂಡತಿ ಸತ್ತವನಾಗಿದ್ದು, ಆಮೇಲೆ ಅದೇ ಹೆಂಡತಿಗೆ ಫೋನು ಮಾಡುತ್ತಿದ್ದ.

‘ಕುಡತಿನ್ಯಾಗ ದೋಣಿ ಎಕ್ಕಡಿಂದ ಬಂತು ಮೇಡಂ?’ ಎಂದು ಅವರು ಪುಸ್ತಕ ಮುಚ್ಚಿದರು. ‘ಇದು ಆಯನ ಬರ್ದಿದ್ದಲ್ಲ. ಯಾರ ಕೈಲೋ ಬರ್ಸ್ಯಾರ. ನನಗನಿಸ್ತದ, ಆಯನ ಓದಿ ಕೂಡ ಇಲ್ಲ.’

ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಕೆಲವೇ ದಿನಗಳಲ್ಲಿ, ಆತ ಓದುಗರೊಡನೆ ಸಂವಾದಕ್ಕೆ ಬಳ್ಳಾರಿಗೆ ಬರುತ್ತಾನೆಂದು ತಿಳಿಯಿತು; ಅದೂ ನಮ್ಮ ಗಾಂಧಿನಗರದ ಒಂದು ಸಭಾಂಗಣಕ್ಕೆ. ಹೇಗೆ ಪರೀಕ್ಷಿಸಬೇಕೆಂದು ಅಂದೇ ತೀರ್ಮಾನಿಸಿದೆ.

ಸಭೆ ತುಂಬಿತ್ತು. ತಮ್ಮ ಕುರುಗೋಡಿನಿಂದ ಬಂದಿದ್ದ, ಗಣಿತದ ಮೇಡಂ ನನ್ನ ಪಕ್ಕದಲ್ಲಿದ್ದರು. ಆತ ರೇಷ್ಮೆಯ ಕುರ್ತಾ ತೊಟ್ಟು, ನಮ್ಮೂರಿನ ಬಿಸಿಲನ್ನೂ ಮಿರ್ಚಿಯನ್ನೂ ಹೊಗಳಿ ಚಪ್ಪಾಳೆ ಗಿಟ್ಟಿಸಿದ. ಪ್ರಶ್ನೆಗಳ ಸರದಿ ಬಂದಾಗ ಕೈ ಎತ್ತಿದೆ. ಮೈಕು ನನ್ನ ಕೈಗೆ ಬಂತು.

‘ಸರ್, ಈ ಪುಸ್ತಕದಲ್ಲಿ ಕಣ್ಣು ಕಾಣದ ಒಬ್ಬ ಮುದುಕಿ ಬರ್ತಾಳಲ್ರಿ. ಜೀನ್ಸ್ ಹೊಲಿಯೋ ಕಾರ್ಖಾನಿಯಾಕಿ. ಮಷೀನಿನ ಸಪ್ಪಳದಿಂದಲೇ ಕೊಲೆಗಾರನ್ನ ಗುರುತು ಹಿಡೀತಾಳ. ಆ ಪಾತ್ರ ನಿಮಗೆ ಹೆಂಗ ಸಿಕ್ತು?’

ಆತ ಕಣ್ಣು ಮುಚ್ಚಿದ. ಕನ್ನಡಕ ತೆಗೆದು ಒರೆಸಿಕೊಂಡ.

‘ಒಳ್ಳೆಯ ಪ್ರಶ್ನೆ. ಆ ಅಜ್ಜಿ ನನ್ನನ್ನು ತುಂಬಾ ಕಾಡಿದಳು. ಅವಳಿಗೋಸ್ಕರ ನಾನು ಇಲ್ಲೇ ಒಂದು ಕಾರ್ಖಾನೆಯಲ್ಲಿ ದಿನಗಟ್ಟಲೆ ಕೂತಿದ್ದೆ. ಅವಳ ಅಧ್ಯಾಯ ಬರೆಯುವಾಗ ಅತ್ತುಬಿಟ್ಟೆ. ನಿಜ ಹೇಳಬೇಕೆಂದರೆ ಈ ಕಾದಂಬರಿಯ ಆತ್ಮವೇ ಅವಳು.’

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಓದಿಬಂದವರು ಮುಖ ಮುಖ ನೋಡಿಕೊಂಡರು. ನಾನು ಮೈಕು ಬಿಡಲಿಲ್ಲ.

‘ಸರ್, ಆ ಮುದುಕಿ ನಿಮ್ಮ ಪುಸ್ತಕದಾಗ ಇಲ್ಲ. ಆಕಿ ನಮ್ಮವ್ವ. ನಿಮ್ಮ ಪುಸ್ತಕ ಕೇಳ್ಕೊಂತ ಸತ್ತಾಕಿ. ನೀವು ಬರೆಯೋದಂತೂ ಬಿಟ್ರಿ, ಓದೋದಾದ್ರೂ ಓದ್ರಿ.’

ಮೊದಲು ನನ್ನ ತಮ್ಮ ಜೋರಾಗಿ ನಕ್ಕ, ಆಮೇಲೆ ಇಡೀ ಸಭೆ. ಸಂಘಟಕರು ಓಡಿಬಂದು ಮೈಕು ಕಿತ್ತುಕೊಂಡರು. ಆತ ನೀರಿನ ಲೋಟಕ್ಕೆ ಕೈ ಹಾಕಿದ. ಲೋಟ ಜಾರಿ ಕುರ್ತಾದ ಮೇಲೆ ನೀರು ಚೆಲ್ಲಿತು. ವಯಸ್ಸಾದ ಕೈ ಎಂಬುದು ನನಗೂ ಕಂಡಿತು. ಕರುಣೆ ಬರಲಿಲ್ಲ. ಅವ್ವನ ಕೈಗೂ ವಯಸ್ಸಾಗಿತ್ತು.

ಯಾರೋ ತೆಗೆದ ವಿಡಿಯೋ, ‘ಸಿರುಗುಪ್ಪಕ್ಕೆ ದಿನಾ ಬಸ್ಸಿನಲ್ಲಿ ಹೋಗುವ ಕನ್ನಡ ಮೇಷ್ಟ್ರಮ್ಮ’ ಎಂಬ ಒಕ್ಕಣೆಯೊಂದಿಗೆ, ಊರೂರು ಸುತ್ತಿತು. ‘ಆ ಪಾತ್ರವನ್ನು ಕೊನೆಯಲ್ಲಿ ಕೈಬಿಡಬೇಕಾಯಿತು’ ಎಂದು ಆತ ಹೇಳಿಕೆ ಕೊಟ್ಟ. ಅದರ ಕೆಳಗೆ ಜನ ಬರೆದದ್ದನ್ನು ಗಣಿತದ ಮೇಡಂ ಬಸ್ಸಿನಲ್ಲಿ ನನಗೆ ಓದಿ ಹೇಳಿದರು. ತಮ್ಮ ತಮ್ಮ ತಂದೆಗೆ, ಅಕ್ಕನಿಗೆ, ಹಾಸ್ಟೆಲಿನ ಗೆಳತಿಗೆ ಆತ ಮಾಡಿದ ಮೋಸವನ್ನು ಎಲ್ಲರೂ ಬಿಚ್ಚಿಟ್ಟಿದ್ದರು. ಬಹಳ ದಿನಗಳ ನಂತರ ಹೊಟ್ಟೆ ತುಂಬ ಉಂಡೆ.

ಮುಂದಿನ ವರ್ಷ ಒಂದು ಬೆಳಿಗ್ಗೆ ತಮ್ಮನ ಫೋನು.

‘ಅಕ್ಕಾ, ನಿನ್ನ ಕೊಂದಾನ!’

‘ಯಾರಲೇ?’

‘ಕೊಲಿಗಾರ! ಹೊಸಾ ಪುಸ್ತಕದಾಗ, ಮೊದಲನೇ ಅಧ್ಯಾಯದಾಗೇ!’

ನಿಜ. ಸಿರುಗುಪ್ಪದಿಂದ ಬಳ್ಳಾರಿಗೆ ಹೋಗುವ ಬಸ್ಸಿನಲ್ಲಿ, ಬಾಯಿ ಜೋರಿನ ಒಬ್ಬ ಕನ್ನಡ ಮೇಷ್ಟ್ರಮ್ಮ ಕಿಟಕಿಗೆ ತಲೆಯಾನಿಸಿ ಕೂತಿದ್ದಾಳೆ. ನಿದ್ದೆ ಮಾಡುತ್ತಿದ್ದಾಳೆಂದು ಎಲ್ಲರೂ ತಿಳಿದಿದ್ದಾರೆ. ನಾನು ಅದನ್ನು ಅದೇ ಬಸ್ಸಿನಲ್ಲಿ ಕೂತು ಓದಿದೆ. ಗದ್ದೆಯ ಕೆಸರಿನ ವಾಸನೆ, ಟಿಕೆಟ್ ಕೇಳಿ ಕಂಡಕ್ಟರ್ ಅವಳ ಭುಜ ಮುಟ್ಟುವ ಗಳಿಗೆ, ಆ ತಲೆ ಜಾರುವ ರೀತಿ. ನನ್ನ ಭುಜದ ಮೇಲೆ ಯಾರ ಕೈಯೂ ಬೀಳದಿರಲೆಂದು ಸರಿದು ಕೂತೆ. ಆ ಪುಟಗಳನ್ನು ಆತನೇ ಬರೆದಿದ್ದ. ಹಳೆಯ ಕೈ.

ನನಗೆ ಇನ್ನಷ್ಟು ಸಿಟ್ಟು ಬಂದದ್ದು ಅದಕ್ಕೇ. ಬರೆಯುವುದನ್ನು ಆತ ಮರೆತಿರಲಿಲ್ಲ. ಬೇಕಾದರೆ ಬರೆಯಬಲ್ಲವನಾಗಿದ್ದ. ತನ್ನ ಅವಮಾನಕ್ಕೆ ಸೇಡು ತೀರಿಸಿಕೊಳ್ಳಲು ಬರೆದ, ಹಾಸಿಗೆ ಹಿಡಿದು ಕಾಯುತ್ತಿದ್ದ ಅವ್ವನಿಗೆ ಬರೆಯಲಿಲ್ಲ.

ಎರಡನೇ ಅಧ್ಯಾಯದಿಂದ ಮತ್ತೆ ಅದೇ ಸೊರಗಿದ ಸರಕು. ತಮ್ಮ, ‘ಪೊಲೀಸ್ ಕಂಪ್ಲೇಂಟ್ ಕೊಡೋಣೇನು?’ ಎಂದ. ಬೇಡವೆಂದೆ. ಮರುದಿನದಿಂದ ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ, ಅವ್ವ ದುಡಿದ ಕಾರ್ಖಾನೆಯಲ್ಲಿ, ಆ ವಿಡಿಯೋದ ಕೆಳಗೆ ಬರೆದಿದ್ದ ಪ್ರತಿಯೊಬ್ಬರಿಗೂ ಕೊಲೆಗಾರ ಯಾರೆಂದು ನಾನೇ ಮೇಲೆಬಿದ್ದು ಹೇಳತೊಡಗಿದೆ. ಗಣಿತದ ಮೇಡಂ ಇನ್ನೂ ಓದಿರಲಿಲ್ಲ. ‘ವದ್ದು ಮೇಡಂ, ವದ್ದು!’ ಎಂದು ಕಿವಿ ಮುಚ್ಚಿಕೊಂಡರು. ಕೈ ಸರಿಸಿ ಹೇಳಿದೆ.

ನಿಮಗೂ ಹೇಳುತ್ತೇನೆ. ಕೊಂದವನು ಕಂಡಕ್ಟರ್. ಕೊಳ್ಳಬೇಡಿ.