ನೆಲ ಕೆಡುತ್ತದೆ ಎಂದ ಅಧ್ಯಕ್ಷರು

ಊರಿನಲ್ಲಿ ಎಲ್ಲರೂ ಅವರನ್ನು ಅಧ್ಯಕ್ಷರು ಎನ್ನುತ್ತಿದ್ದರು. ಯಾವುದರ ಅಧ್ಯಕ್ಷರು ಎಂದು ಕೇಳಿದರೆ ಹೇಳುವವರು ತಡವರಿಸುತ್ತಿದ್ದರು. ವಾಚನಾಲಯದ ಸಂಘವೋ, ಸ್ಮಶಾನದ ಬೇಲಿಯ ಸಮಿತಿಯೋ, ಊರಿನ ವಾದ್ಯದ ತಂಡವೋ, ನಾಲ್ಕು ಜನ ಸೇರಿ ಒಂದು ಬೆಂಚು ಹಾಕಿದರೆ ಸಾಕು, ಬೆಂಚಿನ ನಟ್ಟನಡುವೆ ಅವರು ಕೂತಿರುತ್ತಿದ್ದರು. ಕಸುಬು ಕನ್ನಡಕದ ಅಂಗಡಿ. ಅದರ ಬಾಗಿಲು ತೆರೆದಿದ್ದಕ್ಕಿಂತ ಮುಚ್ಚಿದ್ದೇ ಹೆಚ್ಚು. ಮನೆಯ ಒಲೆ ಉರಿಯುತ್ತಿದ್ದದ್ದು ಹೆಂಡತಿಯ ಹೊಲಿಗೆ ಮೆಷಿನ್ನಿನಿಂದ. ಊರವರ ಬಾಯಲ್ಲಿ ಆಕೆ ಹೊಲಿಗೆಯಕ್ಕ.

ಮದುವೆಯಾಗಿ ಬಂದಾಗ ಹೊಲಿಗೆಯಕ್ಕನಿಗೂ ಗಂಡ ದೊಡ್ಡ ಮನುಷ್ಯ ಎಂದೇ ಅನಿಸಿತ್ತು. ಆ ಭ್ರಮೆ ಹರಿದದ್ದು ಅವಳ ಅಪ್ಪ ತೀರಿಕೊಂಡ ದಿನ. ಗುಂಡಿಯ ಪಕ್ಕ ನಿಂತು ಅಧ್ಯಕ್ಷರು ಮಾತು ಶುರುಮಾಡಿದರು. ತಮ್ಮ ಬಾಲ್ಯ, ತಮ್ಮ ಕಷ್ಟ, ವಾಚನಾಲಯಕ್ಕೆ ತಾವು ತಂದ ಕಪಾಟು, ಎಲ್ಲ ಬಂದವು. ಸತ್ತವನು ಬಂದದ್ದು ಕಟ್ಟಕಡೆಗೆ, ಅದೂ 'ಇಂಥ ಅಳಿಯನನ್ನು ಆರಿಸಿಕೊಂಡ ದೂರದೃಷ್ಟಿಯುಳ್ಳವರು' ಎಂದು. ಹೊತ್ತು ತಂದವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದರು. ಅಳಬೇಕಾದ ಮಗಳಿಗೆ ಅಳು ಬರಲಿಲ್ಲ, ನಾಚಿಕೆ ಬಂತು.

ಊರಿನ ಚರಿತ್ರೆಯನ್ನೂ ಅಧ್ಯಕ್ಷರೇ ಹೇಳಬೇಕು. ಹಿಂದೊಮ್ಮೆ ಈ ಊರಿನ ಮೇಲೆ ರೈಲು ಹಾದುಹೋಗುವುದಿತ್ತಂತೆ. 'ನಮ್ಮ ಶಾಂತಿ ಕೆಡುತ್ತದೆ, ನಿಮ್ಮ ರೈಲು ನಮಗೆ ಬೇಡ' ಎಂದು ನಮ್ಮ ಹಿರಿಯರು ಎದೆಸೆಟೆಸಿ ಹೇಳಿ ಕಳಿಸಿದರಂತೆ. ಇದನ್ನು ಹೇಳುವಾಗ ಅಧ್ಯಕ್ಷರ ಕಣ್ಣು ಒದ್ದೆಯಾಗುತ್ತಿತ್ತು, ಕೇಳುವವರದೂ. ಒಂದು ದಿನ ಹೊಲಿಗೆಯಕ್ಕ ಅತ್ತೆಯನ್ನೇ ಕೇಳಿದಳು.

"ಎಂಥ ಎದೆನೂ ಇಲ್ಲ, ಸೆಟೆನೂ ಇಲ್ಲ," ಎಂದಳು ಹಲ್ಲಿಲ್ಲದ ಮುದುಕಿ. "ಅಳತೆ ಮಾಡೋರು ಬಂದ್ರು, ಚಹಾ ಕುಡಿದ್ರು. ನಿಮ್ಮೂರಲ್ಲಿ ಹತ್ತೋರ್ಯಾರು, ಇಳಿಯೋರ್ಯಾರು ಅಂತ ನಕ್ಕು ಹೋದ್ರು. ಇವನು ಆಗ ಹುಟ್ಟೇ ಇರಲಿಲ್ಲ."

ಆಮೇಲೆ ಸಭಾಭವನದ ಕಾಲ ಬಂತು. ಅಕ್ಕಪಕ್ಕದ ಊರುಗಳಲ್ಲೆಲ್ಲ ಇದೆ, ನಮಗೂ ಬೇಕು ಎಂದು ಮಾತು ಹೊರಟಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಕಲ್ಲು ಹೊತ್ತವರು ತಳಬೀದಿಯವರು, ಹೊಳೆಯ ಪಕ್ಕದ ತಗ್ಗಿನಲ್ಲಿ ಒತ್ತೊತ್ತಾಗಿ ಮನೆ ಕಟ್ಟಿಕೊಂಡವರು. ಮರ ಕೊಯ್ದವರೂ ಅವರೇ, ಸುಣ್ಣ ಬಳಿದವರೂ ಅವರೇ. ಕೆಸರು ಯಾರದೋ ಕೈಗೆ, ಮೊಸರು ಅಧ್ಯಕ್ಷರ ಬಾಯಿಗೆ. ಅಧ್ಯಕ್ಷರು ದಿನಾ ಹೋಗಿ ಕೈ ಹಿಂದೆ ಕಟ್ಟಿಕೊಂಡು ನಿಂತು ಬರುತ್ತಿದ್ದರು. ಭವನ ಎದ್ದಾಗ ಅವರಿಗೆ ಎಲ್ಲಕ್ಕಿಂತ ಪ್ರೀತಿಯಾದದ್ದು ನೆಲ. ಮರದ ಹಲಗೆಯ ನೆಲ, ಎಣ್ಣೆ ತಿಕ್ಕಿ ತಿಕ್ಕಿ ಮುಖ ಕಾಣುವಂತೆ ಹೊಳೆಯುತ್ತಿತ್ತು. ಉದ್ಘಾಟನೆಗೆ ದೊಡ್ಡ ಅಧಿಕಾರಿಯೊಬ್ಬರು ಬರುವುದಿತ್ತು. ಅಲ್ಲಿಯವರೆಗೆ ಯಾರೂ ಕಾಲಿಡಕೂಡದು ಎಂದು ಬಾಗಿಲಿಗೆ ಬೀಗ ಬಿತ್ತು. ಬೀಗದ ಕೈ ಅಧ್ಯಕ್ಷರ ಜೇಬಿಗೆ ಹೋಯಿತು.

ಉದ್ಘಾಟನೆಗೆ ಒಂದು ವಾರ ಇರುವಾಗ ಹೊಳೆ ಉಕ್ಕಿತು.

ಮಧ್ಯಾಹ್ನದ ಹೊತ್ತಿಗೆ ತಳಬೀದಿಯ ಮನೆಗಳಲ್ಲಿ ಮಂಚದ ಮಟ್ಟಕ್ಕೆ ನೀರು. ಜನ ಕೈಗೆ ಸಿಕ್ಕಿದ್ದನ್ನು ಹೊತ್ತುಕೊಂಡು ದಿಬ್ಬದ ಮೇಲಿದ್ದ ಸಭಾಭವನಕ್ಕೆ ಬಂದರು. ಹಿಟ್ಟಿನ ಗಿರಣಿ ನಡೆಸುವ ಹೆಂಗಸು ಲಕ್ವ ಹೊಡೆದ ಅಪ್ಪನನ್ನು ಕುರ್ಚಿಸಮೇತ ಹೊರಿಸಿಕೊಂಡು ಬಂದಿದ್ದಳು. ಬಾಗಿಲಲ್ಲಿ ಬೀಗ. ಮಳೆ ಹೊಡೆಯುತ್ತಿದ್ದರೂ ಅಷ್ಟೂ ಜನ ಅಂಗಳದಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಸುಮ್ಮನೆ ನಿಂತರು. ಆ ಗೋಡೆಯ ಕಲ್ಲು ಹೊತ್ತವರು ಅವರೇ.

ಹೊಲಿಗೆಯಕ್ಕ ಎದುರಿಗಿದ್ದ ತನ್ನ ಮನೆಯ ಕಿಟಕಿಯಿಂದ ಇದನ್ನು ನೋಡಿ ಒಳಗೆ ಬಂದಳು. ಅಧ್ಯಕ್ಷರು ಊಟಕ್ಕೆ ಕೂತಿದ್ದರು.

"ರೀ, ಬೀಗದ ಕೈ ಕೊಡಿ. ಜನ ನೆನೀತಿದ್ದಾರೆ."

"ನೋಡಿದೆ. ಮಳೆ ಈಗ ನಿಲ್ಲುತ್ತೆ."

"ಮಳೆ ನಿಂತ್ರೆ ಮನೆಯೊಳಗಿನ ನೀರು ಹೋಗುತ್ತಾ?"

"ಆ ಕೆಸರು ಕಾಲಲ್ಲಿ ಒಳಗೆ ಬಂದ್ರೆ ನೆಲದ ಗತಿ ಏನು? ವಾರಕ್ಕೆ ಸಾಹೇಬ್ರು ಬರ್ತಾರೆ. ಅವರಿಗೆ ಏನು ತೋರಿಸಲಿ, ಕೆಸರಾ? ಅದೂ ಅಲ್ಲದೆ ಇದು ನಾನೊಬ್ಬನೇ ತೀರ್ಮಾನ ಮಾಡೋ ವಿಷಯ ಅಲ್ಲ. ಸಮಿತಿ ಸೇರಬೇಕು."

"ಸಮಿತಿಯವರಲ್ಲಿ ಅರ್ಧ ಜನ ಅಂಗಳದಲ್ಲಿ ನೆನೀತಾ ನಿಂತಿದ್ದಾರೆ."

"ಹಾಗಾದ್ರೆ ಕೋರಂ ಇಲ್ಲ," ಎಂದು ಅಧ್ಯಕ್ಷರು ಇನ್ನೊಂದು ತುತ್ತು ಕಲಸಿದರು. ಎಡಗೈ ಮಾತ್ರ ಜೇಬಿನ ಮೇಲೆ ಭದ್ರವಾಗಿತ್ತು.

ಅವಳು ಸೆರಗು ತಲೆಗೆ ಎಳೆದುಕೊಂಡು ನೇರ ಕಮ್ಮಾರನ ಕುಲುಮೆಗೆ ಹೋದಳು. ಆ ಬೀಗ ಮಾಡಿದವನು ಅವನೇ. ತೋಳು ನೋಡಿದರೆ ಕೋಣನನ್ನು ಮಲಗಿಸುವ ಹಾಗಿದ್ದ.

"ಅಕ್ಕಾ, ನಾನು ಒಡೀತಿದ್ದೆ," ಎಂದ. "ಆದ್ರೆ ಅಧ್ಯಕ್ಷರು ಒಂದು ಮಾತು ಹೇಳಬೇಕಲ್ಲ. ನಾಳೆ ನನ್ನ ಮೇಲೆ ಬಂದ್ರೆ?"

"ನಿನ್ನ ಮೀಸೆ ಯಾತಕ್ಕೋ ಬೆಳೆಸಿದ್ದೀಯಾ? ಸುತ್ತಿಗೆ ಕೊಡು."

ಕೊಟ್ಟ. ಕೊಡುವಾಗಲೂ, "ನಾನು ಕೊಟ್ಟೆ ಅಂತ ಹೇಳಬೇಡಿ," ಎಂದ.

ಅವಳು ಬಾಗಿಲ ಮುಂದೆ ನಿಂತು ಸುತ್ತಿಗೆ ಎತ್ತಿದಾಗ ಅಂಗಳದಲ್ಲಿದ್ದ ಗಂಡಸರು ದಾರಿ ಬಿಟ್ಟರೇ ಹೊರತು ಒಬ್ಬನೂ ಕೈಹಚ್ಚಲಿಲ್ಲ. ಒಬ್ಬ ಮಾತ್ರ, "ಸ್ವಲ್ಪ ಬಲಕ್ಕೆ ಹೊಡೀರಿ," ಎಂದು ಸಲಹೆ ಕೊಟ್ಟ. ಬೀಗ ಗಟ್ಟಿಯಾಗಿತ್ತು, ಜಗ್ಗಲಿಲ್ಲ. ಅದನ್ನು ಹಿಡಿದಿದ್ದ ಕೊಂಡಿಯೇ ಕೊನೆಗೆ ಬಾಗಿಲಿನಿಂದ ಕಿತ್ತುಬಂತು. ಅಂಗೈಯ ಚರ್ಮ ಸುಲಿದು ಸುತ್ತಿಗೆಯ ಹಿಡಿ ಕೆಂಪಾಗಿತ್ತು.

ಬಾಗಿಲು ತೆರೆಯಿತು. ಜನ ನುಗ್ಗಲಿಲ್ಲ. ಹೊಸ್ತಿಲಲ್ಲಿ ನಿಂತು ಆ ಹೊಳೆಯುವ ನೆಲವನ್ನು ನೋಡಿದರು. ಗಿರಣಿಯವಳು ಅಪ್ಪನ ಕುರ್ಚಿಯ ಹಿಂದಿನಿಂದ ಮೆಲ್ಲಗೆ ಕೇಳಿದಳು:

"ಕಾಲು ಒರೆಸ್ಕೊಂಡು ಬರೋದಾ ಅಕ್ಕಾ?"

ಗಂಡನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಆ ಮಾತಿಗೆ ಬಂತು ಹೊಲಿಗೆಯಕ್ಕನಿಗೆ. ತಾನೇ ಮೊದಲು ಒಳಗೆ ಹೋಗಿ ಕೆಸರುಕಾಲಿನಲ್ಲಿ ನೆಲದ ಈ ತುದಿಯಿಂದ ಆ ತುದಿಯವರೆಗೆ ನಡೆದಳು. ಆಮೇಲೆ ಒಬ್ಬೊಬ್ಬರಾಗಿ ಬಂದರು.

ನೀರು ಇಳಿಯುವ ಹೊತ್ತಿಗೆ ನೆಲದ ಹಲಗೆ ಉಬ್ಬಿ ಡೊಂಕಾಗಿತ್ತು. ಉದ್ಘಾಟನೆ ಮುಂದೆ ಹೋಯಿತು. ಅಧ್ಯಕ್ಷರು ಮೂರು ದಿನ ಮನೆಯಲ್ಲಿ ಮಾತು ಬಿಟ್ಟರು. ಹೆಂಡತಿಗೆ ಅದು ದೊಡ್ಡ ಉಪಕಾರವಾಯಿತು. ಆದರೆ ನೆರೆಯ ಸುದ್ದಿ ಕೇಳಿದ ದೊಡ್ಡ ಅಧಿಕಾರಿ, 'ಜನರಿಗೆ ಆಸರೆ ಕೊಟ್ಟ ನಿಮ್ಮ ಭವನ ಧನ್ಯ' ಎಂದು ಹೇಳಿಕಳಿಸಿದ್ದೇ ತಡ, ಅಧ್ಯಕ್ಷರ ಮಾತೇ ಬದಲಾಯಿತು. ಗೋಸುಂಬೆಗೂ ಅಷ್ಟು ಬೇಗ ಬಣ್ಣ ತಿರುಗುವುದಿಲ್ಲ.

ಉದ್ಘಾಟನೆಯ ದಿನ ಊರಿಗೆ ಊರೇ ಸೇರಿತ್ತು. ಮೈಕಿನ ಮುಂದೆ ಅಧ್ಯಕ್ಷರು ರೈಲಿನಿಂದ ಶುರುಮಾಡಿ ಹೊಳೆಗೆ ಬಂದರು. "ಆ ದಿನ ನನ್ನ ಮುಂದೆ ಎರಡು ದಾರಿ ಇತ್ತು. ಒಂದು ಕಡೆ ನೆಲ, ಒಂದು ಕಡೆ ಜನ. ನಾನು ನೆಲ ನೋಡಲಿಲ್ಲ ಬಂಧುಗಳೇ, ಜನ ನೋಡಿದೆ! ಬಾಗಿಲು ತೆಗೀರಿ ಅಂದೆ!"

ಚಪ್ಪಾಳೆ. ಗೋಡೆಗೆ ಬೆನ್ನು ಕೊಟ್ಟು ನೆನೆದವರೆಲ್ಲ ಚಪ್ಪಾಳೆ ತಟ್ಟಿದರು. ಕಮ್ಮಾರ ತಟ್ಟಿದ. ಗಿರಣಿಯವಳು ಕಣ್ಣೊರೆಸಿಕೊಂಡಳು.

ಹೊಲಿಗೆಯಕ್ಕ ಎದ್ದು ನಿಂತಳು. "ಬೀಗ ಕಿತ್ತಿದ್ದು ನಾನು," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಆಗ ಇವರು ಊಟ ಮಾಡ್ತಿದ್ರು."

ಅಧ್ಯಕ್ಷರು ಮೈಕಿಗೆ ಬಾಯಿ ಹತ್ತಿರ ತಂದು ನಕ್ಕರು. "ನೋಡಿ ಸಾಹೇಬ್ರೇ, ನಮ್ಮ ಮನೆಯಲ್ಲೂ ವಿರೋಧ ಪಕ್ಷ ಇದೆ!"

ಭವನ ಬಿದ್ದುಬಿದ್ದು ನಕ್ಕಿತು. ಮೊದಲಿಗಿಂತ ಜೋರು ಚಪ್ಪಾಳೆ. ಹೊರಗೆ ಬಂದಾಗ ಗಿರಣಿಯವಳು ಅವಳ ಕೈಹಿಡಿದುಕೊಂಡಳು. "ಹೋಗ್ಲಿ ಬಿಡಿ ಅಕ್ಕಾ, ದೊಡ್ಡವರು. ನಾಳೆ ಮತ್ತೆ ನೀರು ಬಂದ್ರೆ ಬಾಗಿಲು ತೆಗೆಯೋರು ಅವರೇ ತಾನೇ?"

ಹೊಲಿಗೆಯಕ್ಕ ಅವಳ ಮುಖವನ್ನೇ ನೋಡಿದಳು. ತಮಾಷೆ ಮಾಡುತ್ತಿರಲಿಲ್ಲ, ಪಾಪ. ಒಂದು ಹುಳಕ್ಕೆ ತಾನು ಗಂಟುಬಿದ್ದೆ ಎಂದು ಇಷ್ಟು ವರ್ಷ ಕೊರಗಿದ್ದಳು. ಹುಳ ಒಂದಲ್ಲ, ಊರೆಂಬ ಹಣ್ಣೇ ಹುಳುಕು ಎಂದು ಅವಳಿಗೆ ಆ ದಿನ ಗೊತ್ತಾಯಿತು.

ಅತ್ತೆ ಆಗಲೇ ತೀರಿಹೋಗಿದ್ದಳು, ಆ ಮನೆಯಲ್ಲಿ ಇನ್ನು ಮಾತಿಗೆ ಯಾರೂ ಇರಲಿಲ್ಲ. ಮುಂದಿನ ವಾರ ಹೊಲಿಗೆ ಮೆಷಿನ್ನನ್ನು ಕೈಗಾಡಿಯಲ್ಲಿ ಹಾಕಿಸಿಕೊಂಡು ಗಿರಣಿಯ ಹಿಂದಿನ ಕೋಣೆಗೆ ಬಂದಳು. ಗೋಡೆಯ ಮೇಲೆ ನೆರೆಯ ಗುರುತು ಇನ್ನೂ ಕಂದಾಗಿತ್ತು. ಗಿರಣಿ ತಿರುಗಿದರೆ ಬಟ್ಟೆಯ ಮೇಲೆ ಹಿಟ್ಟು ಕೂರುತ್ತಿತ್ತು. ಆದರೂ ಅಲ್ಲಿ ಅವಳಿಗೆ ಗಾಢ ನಿದ್ದೆ ಬರುತ್ತಿತ್ತು.

ಹೆಂಡತಿ ಮನೆ ಬಿಟ್ಟಳು ಎಂದು ಊರು ಗುಸುಗುಸು ಅನ್ನುವ ಮೊದಲೇ ಅಧ್ಯಕ್ಷರು ಬಾಯಿಬಿಟ್ಟರು. "ತಳಬೀದಿ ಹೆಂಗಸರಿಗೆ ಹೊಲಿಗೆ ಕಲಿಸಲಿ ಅಂತ ನಾನೇ ಕಳಿಸಿದ್ದೀನಿ. ಸಂಸಾರಕ್ಕಿಂತ ಸಮಾಜ ದೊಡ್ಡದು." ಜನ ತಲೆದೂಗಿದರು. ಕೆಲವು ದಿನ ಕಳೆದು ಒಂದು ಹಲಗೆಯೂ ಬಂತು: 'ಮಹಿಳಾ ಹೊಲಿಗೆ ಕೇಂದ್ರ', ಕೆಳಗೆ ಅದಕ್ಕಿಂತ ದಪ್ಪ ಅಕ್ಷರದಲ್ಲಿ 'ಅಧ್ಯಕ್ಷರು' ಮತ್ತು ಅವರ ಹೆಸರು. ಹೊಲಿಗೆಯಕ್ಕ ಅದನ್ನು ಒಂದು ಸಲ ಓದಿ, ಒಳ್ಳೆಯ ಮರ ಎಂದು ತಟ್ಟಿ ನೋಡಿ, ಮಗುಚಿ ಎರಡು ಪೆಟ್ಟಿಗೆಯ ಮೇಲಿಟ್ಟಳು. ಬಟ್ಟೆ ಕತ್ತರಿಸಲು ಅಷ್ಟು ಅಗಲದ ಹಲಗೆ ಅವಳಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಮುಂದಿನ ವರ್ಷ ಸಭಾಭವನಕ್ಕೆ ಹೊಸ ಸಮಿತಿ ಆರಿಸಿದರು. ಹೊಸದೆಂದರೆ ಹಳೆಯದೇ. ಅಧ್ಯಕ್ಷರು ಅವಿರೋಧವಾಗಿ ಬಂದರು. ಸಭೆ ಮುಗಿಸಿ ಗಿರಣಿಯವಳು ರವಿಕೆ ಹೊಲಿಸಲು ಬಂದಳು.

"ನೀನೂ ಕೈ ಎತ್ತಿದ್ಯಾ?" ಎಂದು ಕೇಳಿದಳು ಹೊಲಿಗೆಯಕ್ಕ.

"ಎಲ್ಲರೂ ಎತ್ತಿದ್ರಲ್ಲ ಅಕ್ಕಾ..."

"ಸರಿ. ಈಗಲೂ ಎತ್ತು," ಎಂದು ಹೊಲಿಗೆಯಕ್ಕ ಟೇಪು ಬಿಚ್ಚಿದಳು. "ಕಂಕುಳ ಅಳತೆ ತಗೋಬೇಕು."