ಮುರಿಯಬಾರದ ಶಾವಿಗೆ

ಪ್ಯಾನ್ಸಿಟ್, ಅಂದರೆ ಫಿಲಿಪ್ಪೀನ್ಸ್‌ನವರ ಶಾವಿಗೆ, ಒಂದು ತಿಂಡಿ ಅಲ್ಲ, ಒಂದು ದೊಡ್ಡ ಸಂಸಾರ! ಇದು ನನಗೆ ಗೊತ್ತಾಗಿದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ಹ್ಯಾನೋವರ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ. ನಮ್ಮ ಹಾಸ್ಟೆಲಿನ ಎದುರಿಗೆ ಆಸ್ಪತ್ರೆಯ ನರ್ಸ್‌ಗಳ ವಸತಿಗೃಹವಿತ್ತು. ಫಿಲಿಪ್ಪೀನ್ಸ್‌ನಿಂದ ಬಂದ ಹುಡುಗಿಯರು ಭಾನುವಾರ ಅಲ್ಲಿ ಅಡುಗೆಗೆ ನಿಂತರೆ ಬೆಳ್ಳುಳ್ಳಿಯ ಘಮ ರಸ್ತೆ ದಾಟಿ ನಮ್ಮ ಕಿಟಕಿಗೆ ಬರುತ್ತಿತ್ತು. ಆಲೂಗಡ್ಡೆ, ಬ್ರೆಡ್ಡು ತಿಂದು ಬೇಸತ್ತಿದ್ದ ನಾನೂ, ನನ್ನ ಹಾಗೆ ಮೈಸೂರಿನವನೇ ಆದ ರೂಮ್‌ಮೇಟೂ ಆ ಘಮ ಹಿಡಿದೇ ಹೋಗಿ ಪರಿಚಯ ಮಾಡಿಕೊಂಡೆವು. ಗಂಡಸರಿಗೆ ಭಾನುವಾರ ಸಂಜೆ ಆರರವರೆಗೆ ಪ್ರವೇಶ, ಅದೂ ಅಡುಗೆಮನೆಯವರೆಗೆ ಮಾತ್ರ. ನಮಗೆ ಬೇಕಾಗಿದ್ದೂ ಅಷ್ಟೇ.

ಅವರಲ್ಲೊಬ್ಬಳು ನನ್ನ ಮೇಷ್ಟ್ರಾದಳು. ಇಬ್ಬರದೂ ಹರಕು ಮುರುಕು ಜರ್ಮನ್. ಅಕ್ಕಿಯ ಬೆಳ್ಳನೆಯ ಸಣ್ಣ ಎಳೆಯಾದರೆ ಬಿಹೊನ್. ಗೋಧಿಗೆ ಮೊಟ್ಟೆ ಹಾಕಿ ಮಾಡಿದ ಹಳದಿ ಎಳೆಯಾದರೆ ಕ್ಯಾಂಟನ್. ಬೆಂದ ಮೇಲೆ ಗಾಜಿನ ಹಾಗೆ ಹೊಳೆದರೆ ಸೊತಾಂಗ್‌ಹೊನ್. ಅದು ನಮ್ಮ ಹೆಸರುಕಾಳಿನದು ಅಂತ ಕೇಳಿ ನಾನು ಕುಣಿದುಬಿಟ್ಟೆ! ಮೇಲೆ ಕೇಸರಿ ಬಣ್ಣದ ಗಟ್ಟಿ ಸಾರು, ಮೊಟ್ಟೆಯ ಬಿಲ್ಲೆ, ಸೀಗಡಿ ಇದ್ದರೆ ಪಲಾಬೊಕ್. ಸೀಗಡಿ ಬಿದ್ದ ತಟ್ಟೆ ನಾನು ಮುಟ್ಟುತ್ತಿರಲಿಲ್ಲ. ಆದರೆ ಬಗ್ಗಿ ನೋಡಿ ಹೆಸರು ಹೇಳುವುದಕ್ಕೆ ಯಾವ ಮಡಿ? ಕೆಲವೇ ತಿಂಗಳಲ್ಲಿ ಬಾಗಿಲಲ್ಲಿ ನಿಂತೇ ಇದು ಇಂಥದ್ದು ಅಂತ ಕೂಗುವಷ್ಟು ಪಳಗಿದೆ.

ಆಗ ಬಂತು ಅವಳ ಹುಟ್ಟುಹಬ್ಬ. ಮನೆ ಬಿಟ್ಟು ಬಂದ ಮೇಲೆ ಮೊದಲನೆಯದು. ಊರಿಗೆ ಹೋಗಿ ಬಂದ ಗೆಳತಿಯ ಕೈಯಲ್ಲಿ ಅವಳ ತಾಯಿ ಒಂದೇ ಒಂದು ಪ್ಯಾಕೆಟ್ ಬಿಹೊನ್ ಕಳಿಸಿದ್ದರು. ಹುಟ್ಟಿದ ದಿನ ಉದ್ದನೆಯ ಎಳೆ ತಿಂದರೆ ಆಯಸ್ಸು ಉದ್ದ ಅಂತ ಅವರಲ್ಲಿ ನಂಬಿಕೆ. ತುಂಡರಿಸಿದರೆ ಆಯಸ್ಸಿಗೇ ಕತ್ತರಿ. ಆ ಪ್ಯಾಕೆಟ್ಟನ್ನು ಅವಳು ವಾರಗಟ್ಟಲೆ ಕಾಪಾಡಿಕೊಂಡು ಬಂದಿದ್ದಳು. ಈ ಒಂದು ಸಂಗತಿ ಬಿಟ್ಟು ಉಳಿದದ್ದೆಲ್ಲ ನನಗೆ ಹೇಳಿಕೊಟ್ಟಿದ್ದಳು!

"ನೆನೆಹಾಕಿರು, ಯೂನಿಫಾರ್ಮ್ ಬದಲಾಯಿಸಿ ಬರ್ತೀನಿ," ಅಂತ ಪ್ಯಾಕೆಟ್ ನನ್ನ ಕೈಗಿಟ್ಟು ಮಹಡಿಗೆ ಹೋದಳು.

ಶಾವಿಗೆ ಕೈಗೆ ಬಂದರೆ ಮೈಸೂರಿನ ಕೈ ಏನು ಮಾಡುತ್ತದೆ? ನೆನೆಸುವುದಂತೆ, ಮುದ್ದೆಯಾಗುವುದಿಲ್ಲವೇ! ಹುರಿದು ಕೊಟ್ಟರೆ ಖುಷಿಪಡುತ್ತಾಳೆ ಅಂದುಕೊಂಡು ಪಟಪಟ ಮುರಿದೆ. ಬೆರಳಿನ ಗೆಣ್ಣಿನಷ್ಟುದ್ದ, ಒಂದೇ ಸಮ. ಬೆಣ್ಣೆಯಲ್ಲಿ ಕೆಂಪಗೆ ಹುರಿಯುತ್ತಿದ್ದಾಗ ಅವಳು ಬಂದಳು.

"ಮುರಿದೆಯಾ? ಎಲ್ಲಾ?"

"ಮುರೀದೆ ಹುರಿಯೋದು ಹೇಗೆ?"

ಅವಳು ಕೂಗಾಡಲಿಲ್ಲ. ಸ್ಟೂಲಿನ ಮೇಲೆ ಕೂತು ವಿಷಯ ಹೇಳಿದಳು. "ಅಮ್ಮ ಕೇಳ್ತಾಳೆ, ಉದ್ದ ಇತ್ತಾ ಅಂತ. ಏನು ಬರೀಲಿ?"

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಭಾನುವಾರ, ಅಂಗಡಿಗಳೆಲ್ಲ ಬಂದ್. ಕಪಾಟು ಜಾಲಾಡಿದೆವು. ಸಿಕ್ಕಿದ್ದು ಸೂಪಿಗೆ ಹಾಕುವ, ಎ ಬಿ ಸಿ ಡಿ ಅಕ್ಷರಗಳ ನೂಡಲ್ಸ್! ನನ್ನ ಜೊತೆ ಬಂದಿದ್ದ ರೂಮ್‌ಮೇಟ್ ಬಾಣಲೆಯಿಂದ ಒಂದು ಹಿಡಿ ಬಾಯಿಗೆ ಹಾಕಿಕೊಂಡು, "ಉಪ್ಪಿಟ್ಟಿಗೆ ಹದವಾಗಿದೆ ಮಗಾ, ಒಗ್ಗರಣೆ ಒಂದು ಬಾಕಿ," ಅಂದ. ಅವನನ್ನು ತಿವಿದು, ಕೋಟು ಸಿಕ್ಕಿಸಿಕೊಂಡು ಟ್ರಾಮ್ ಹಿಡಿದೆ.

ಎರಡು ಸ್ಟಾಪ್ ಆಚೆ ಧಾರವಾಡದ ಡಾಕ್ಟರೊಬ್ಬರ ಮನೆ. ಬಾಗಿಲು ತೆಗೆದದ್ದು ಅವರ ಹೆಂಡತಿ, ನಮಗೆಲ್ಲ ಅಕ್ಕ.

"ಯಾಕೋ ತಮ್ಮಾ, ಹುಲಿ ಬೆನ್ನ ಹತ್ತೇದೇನು?"

"ಅಕ್ಕಾ, ಉದ್ದನೆ ಶಾವಿಗೆ ಇದೆಯಾ? ಮುರೀದೇ ಇರೋದು?" ಅಂತ ಶುರುಮಾಡಿ ಎಲ್ಲ ಒಪ್ಪಿಸಿದೆ.

ಅಕ್ಕ ನಕ್ಕು ನಕ್ಕು ಬಾಗಿಲಿಗೆ ಒರಗಿದರು. "ಮಷೀನ ಮಾಡಾಂವ ಅಂತ, ಮಷೀನ! ಒಂದು ಪೊಟ್ಟಣ ನೆನಿಹಾಕಾಕ ಬರಂಗಿಲ್ಲ!" ಒಳಗೆ ಹೋಗಿ ಟ್ರಂಕು ತೆಗೆದರು. ಕೋಲಿನ ಮೇಲೆ ಒಣಗಿಸಿದ ಗೋಧಿ ಶಾವಿಗೆ, ಸೀರೆಗಳ ನಡುವೆ ಜಡೆಯ ಹಾಗೆ ಮಲಗಿತ್ತು. ನಾನು ಕೈ ಚಾಚಿದೆ. "ಹಿಂದಕ್ಕ ಸರಿ! ನಿನ್ನ ಕೈಯಾಗ ಕೊಡಂಗಿಲ್ಲ. ನಾನ ಬರ್ತೀನಿ, ನಡಿ."

ಟ್ರಾಮಿನಲ್ಲಿ ಅಕ್ಕ ಅದನ್ನು ಬಟ್ಟೆಯಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ಕೂತರು. ಪಕ್ಕದ ಜರ್ಮನ್ ಅಜ್ಜಿ ಬಗ್ಗಿ ನೋಡಿ, ಮಗುವಲ್ಲ ಅಂತ ತಿಳಿದು ಗಾಬರಿಯಾದಳು.

ಅಡುಗೆಮನೆಯಲ್ಲಿ ಅಕ್ಕ ಶಾವಿಗೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದ್ದೇ ತಡ, ಹುಡುಗಿ ಚೀರಿದಳು: "ಮಿಸ್ವಾ!" ಒಂದೆಳೆ ಬೆಳಕಿಗೆ ಹಿಡಿದಳು, ನಾಲಿಗೆಗೆ ಮುಟ್ಟಿಸಿದಳು. "ಗೋಧಿ. ಕೂದಲಿನಷ್ಟು ಸಣ್ಣ. ನಮ್ಮಲ್ಲಿ ಇದನ್ನ ಸಾರಲ್ಲಿ ಹಾಕ್ತಾರೆ. ಎಲ್ಲಕ್ಕಿಂತ ಉದ್ದ ಇದೇ!" ಇಷ್ಟೆಲ್ಲ ಕಲಿತ ನಾನು, ನಮ್ಮ ನಾಡಿನ ಶಾವಿಗೆಯೂ ಆ ಸಂಸಾರದ್ದೇ ಅಂತ ಗುರುತು ಹಿಡಿದಿರಲಿಲ್ಲ.

ಆಮೇಲೆ ಇಬ್ಬರಿಗೂ ಜಟಾಪಟಿ. ಅಕ್ಕ ಹಾಲು, ಸಕ್ಕರೆ ಕೇಳಿದರೆ ಅವಳು ಬೆಳ್ಳುಳ್ಳಿ ಜಜ್ಜಿದಳು. "ಅಯ್ಯ, ಶಾವಿಗಿಗೆ ಬಳ್ಳೊಳ್ಳಿ ಹಾಕ್ತಾಳ ನೋಡೋ!" ಅಂತ ಅಕ್ಕ ನನ್ನ ಕಡೆ ತಿರುಗಿದರು. ಆದರೂ ಕೋಸು ಹೆಚ್ಚಿಕೊಟ್ಟರು. ಎರಡೇ ನಿಮಿಷ ಕುದಿಸಿ, ಎಳೆ ತುಂಡಾಗದ ಹಾಗೆ ಬಟ್ಟಲಿಗೆ ಜಾರಿಸಿದರು.

ಹುಡುಗಿ ಫೋರ್ಕಿನಲ್ಲಿ ಒಂದೆಳೆ ಎತ್ತಿದಳು. ಅದು ಮುಗಿಯಲೇ ಇಲ್ಲ. ಎದ್ದು ನಿಂತಳು, ಆಗಲೂ ಇನ್ನೊಂದು ತುದಿ ಬಟ್ಟಲಲ್ಲೇ. ಕೊನೆಗೆ ಸ್ಟೂಲು ಹತ್ತಿದಳು! ನಾವೆಲ್ಲ ಉಸಿರು ಬಿಗಿಹಿಡಿದೆವು.

"ಕಡೀಬ್ಯಾಡವಾ! ಎಳಕೋ, ಎಳಕೋ!" ಅಂತ ಅಕ್ಕ ಕೂಗಿದರು.

ಕನ್ನಡ ಗೊತ್ತಿಲ್ಲದ ಹುಡುಗಿ ಎಳೆದುಕೊಂಡಳು. ತುದಿ ಬಟ್ಟಲಿನಿಂದ ಚಿಮ್ಮಿ, ಮೂಗಿಗೆ ಒಂದು ಏಟು ಕೊಟ್ಟು, ಇಡಿಯಾಗಿ ಒಳಗೆ ಹೋಯಿತು. "ಅಮ್ಮನಿಗೆ ಬರೀತೀನಿ," ಅಂದಳು ಸ್ಟೂಲಿನ ಮೇಲಿಂದಲೇ, ಗಲ್ಲದಲ್ಲಿ ಸಾರು ಇಳಿಯುತ್ತಿತ್ತು, "ಬಿಹೊನ್‌ಗಿಂತ ಉದ್ದ ಇತ್ತು ಅಂತ."