ದೀಪ ಆರಿದ್ದರೆ ನೇರ ಹೋಗಬಹುದು

ಮೆಲ್ಬರ್ನಿನಿಂದ ಸಿಡ್ನಿಗೆ ನಾನು ಮೊದಲ ಸಲ ಒಬ್ಬಳೇ ಲಾರಿ ಓಡಿಸಿಕೊಂಡು ಹೋದ ದಿನ, ಹೊರಡುವ ಮುಂಚಿನಿಂದಲೇ ತಲೆಯಲ್ಲಿ ಇದ್ದದ್ದು ಒಂದೇ ಯೋಚನೆ. ದಾರಿಯಲ್ಲಿ ತೂಕ ನೋಡುವ ಸ್ಟೇಷನ್ ತೆರೆದಿರುತ್ತದೋ, ಮುಚ್ಚಿರುತ್ತದೋ?

ಎರಡು ನಗರಗಳ ನಡುವಿನ ಹೆದ್ದಾರಿಯಲ್ಲಿ, ಗೌಲ್‌ಬರ್ನ್ ಊರು ದಾಟಿದ ಮೇಲೆ, ಭಾರದ ಗಾಡಿಗಳನ್ನು ತಡೆದು ತಪಾಸಣೆ ಮಾಡುವ ಜಾಗವೊಂದಿದೆ. ಅದಕ್ಕೆ ಸ್ವಲ್ಪ ಮುಂಚೆ ರಸ್ತೆ ಬದಿಗೆ ದೊಡ್ಡ ಬೋರ್ಡು. ಅದರ ಹಳದಿ ದೀಪಗಳು ಮಿನುಗುತ್ತಿದ್ದರೆ ದೊಡ್ಡ ಲಾರಿಗಳೆಲ್ಲ ಎಡಕ್ಕೆ ತಿರುಗಿ ಒಳಗೆ ಹೋಗಲೇಬೇಕು. ತೂಕ, ಬ್ರೇಕು, ಟೈರುಗಳಿಂದ ಹಿಡಿದು ಡ್ರೈವರ್ ಎಷ್ಟು ಹೊತ್ತು ವಿಶ್ರಾಂತಿ ತೆಗೆದುಕೊಂಡಿದ್ದಾನೆ ಎನ್ನುವವರೆಗೆ ಎಲ್ಲವನ್ನೂ ಕೇಳುತ್ತಾರೆ. ದೀಪ ಆರಿದ್ದರೆ ನೇರ ಹೋಗಬಹುದು. ಒಳಗಿನ ಸಾಲು ಬೆಳೆದು ಹೆದ್ದಾರಿಯ ತನಕ ಬಂದರೆ ಅಪಘಾತವಾದೀತೆಂದು ಅವರೇ ಸ್ವಲ್ಪ ಹೊತ್ತು ದೀಪ ಆರಿಸುವುದೂ ಉಂಟು. ಆ ಹೊತ್ತಿಗೆ ಬಂದವರು ಬಚಾವ್. ದೀಪ ಉರಿಯುತ್ತಿರುವಾಗ ಕಾಣದವರಂತೆ ಮುಂದೆ ಹೋದರೆ ಮಾತ್ರ, ರಸ್ತೆಯ ಮೇಲೆ ಕಮಾನಿನ ಹಾಗೆ ನಿಂತ ಕ್ಯಾಮೆರಾಗಳು ನಂಬರ್ ಪ್ಲೇಟ್ ಹಿಡಿದುಬಿಡುತ್ತವೆ.

ನಾನು ತುಮಕೂರಿನವಳು. ಇಲ್ಲಿಗೆ ಬಂದ ಹೊಸದರಲ್ಲಿ ಮೆಲ್ಬರ್ನಿನ ಅಂಚಿನ ಡ್ಯಾಂಡಿನಾಂಗ್‌ನ ಗೋದಾಮೊಂದರಲ್ಲಿ ಪೆಟ್ಟಿಗೆಗಳಿಗೆ ಲೇಬಲ್ ಅಂಟಿಸುತ್ತಿದ್ದೆ. ಒಂದು ದಿನ ನನಗಿಂತ ಕುಳ್ಳಗಿದ್ದ ಹೆಂಗಸೊಬ್ಬಳು ಉದ್ದನೆಯ ಲಾರಿಯನ್ನು ಹಿಮ್ಮುಖವಾಗಿ ತಂದು, ಗೋದಾಮಿನ ಬಾಗಿಲಿಗೆ ಒಂದು ಗೇಣು ಜಾಗವನ್ನೂ ಬಿಡದೆ ನಿಲ್ಲಿಸಿ, ಇಳಿದು, ಕೂದಲು ಸರಿಮಾಡಿಕೊಂಡು ಕಾಫಿ ಮೆಷಿನ್ ಎಲ್ಲಿದೆ ಎಂದು ಕೇಳಿದಳು. ಅವತ್ತು ಮನೆಗೆ ಹೋಗಿ ಲಾರಿ ಲೈಸೆನ್ಸ್ ಮಾಡಿಸುತ್ತೇನೆಂದೆ. ಗಂಡ ನಕ್ಕು, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಮಗಳು ಮಾತ್ರ, "ಅಮ್ಮಾ, ಯೂ ಆರ್ ಟೂ ಶಾರ್ಟ್!" ಎಂದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಬರುವುದು ಇಂಗ್ಲಿಷಿನಲ್ಲೇ.

ನನಗೆ ದೂರದ ದಾರಿ ಕಲಿಸಿದವರು ಮಂಗಳೂರು ಕಡೆಯ ಕ್ರಿಶ್ಚಿಯನ್ ಅಂಕಲ್ ಒಬ್ಬರು, ನಮ್ಮ ಕಂಪನಿಯ ಹಳೆಯ ಡ್ರೈವರ್. ಮನೆಯಲ್ಲಿ ಕೊಂಕಣಿ, ಗ್ಯಾರೇಜಿನಲ್ಲಿ ಇಂಗ್ಲಿಷ್, ನನ್ನ ಹತ್ತಿರ ಕರಾವಳಿಯ ಕನ್ನಡ. ಅವರ ಪಕ್ಕದಲ್ಲಿ ಕೂತು ಹಲವು ಸಲ ಸಿಡ್ನಿಗೆ ಹೋಗಿ ಬಂದಿದ್ದೆ. ಈ ಮೊದಲ ಟ್ರಿಪ್ಪಿನ ದಿನ ಮಾತ್ರ ನನಗೆ ಬೇರೆ ಲಾರಿ, ಅವರಿಗೆ ಬೇರೆ ಲಾರಿ. ಅವರು ನನ್ನ ಹಿಂದೆ ಬರುವುದೆಂದು ಮಾತಾಗಿತ್ತು.

ಬೆಳಿಗ್ಗೆ ನಾನು ಡಿಪೋ ಮುಟ್ಟುವಷ್ಟರಲ್ಲಿ ನನ್ನ ಲಾರಿಗೆ ಲೋಡ್ ಆಗಿತ್ತು. ನೆಲಕ್ಕೆ ಹಾಕುವ ಟೈಲ್ಸ್, ಮರದ ಅಡಿಮಣೆಗಳ ಮೇಲೆ ಪೇರಿಸಿ ಪ್ಲಾಸ್ಟಿಕ್ ಸುತ್ತಿದ್ದು. ನಮ್ಮ ಟ್ರೇಲರುಗಳ ಪಕ್ಕಕ್ಕೆ ತಗಡಿರುವುದಿಲ್ಲ. ದಪ್ಪ ಪರದೆ ಎಳೆದು, ಬೆಲ್ಟುಗಳಿಂದ ಬಿಗಿದಿರುತ್ತಾರೆ. ಎಡಗಡೆಯ ಪರದೆ ಸರಿಸಿ ನೋಡಿದೆ, ಎಲ್ಲ ಸರಿಯಾಗಿಯೇ ಕಂಡಿತು. ಬಲಗಡೆ ಇನ್ನೊಂದು ಲಾರಿ ಒತ್ತಿಕೊಂಡು ನಿಂತಿತ್ತು, ಪರದೆ ಸರಿಸಲು ಜಾಗವಿರಲಿಲ್ಲ. ಕ್ಯಾಬಿನ್ನಿಗೆ ಹತ್ತಿ ಕೂತಾಗ, ಹಿಂದಿನ ಚಕ್ರಗಳ ಮೇಲಿನ ಭಾರ ತೋರಿಸುವ ಮುಳ್ಳು ಕೆಂಪು ಗೆರೆಯ ಹತ್ತಿರವೇ ನಿಂತಿತ್ತು. ಸೂಪರ್‌ವೈಸರ್‌ನನ್ನು ಕರೆದು ತೋರಿಸಿದೆ. ಅವನು ಬಗ್ಗಿ ಸಹ ನೋಡಲಿಲ್ಲ. ಆ ಮುಳ್ಳು ಯಾವಾಗಲೂ ಹಾಗೇ, ಅಂಗಳ ಓರೆಯಾಗಿದೆ, ಲೋಡನ್ನು ಚೆಕ್ ಮಾಡಿಯಾಗಿದೆ, ಹೊರಡು ಎಂದ.

ಹೊರಟೆ. ಸಮತಟ್ಟಾದ ರಸ್ತೆಗೆ ಬಂದ ಮೇಲೂ ಮುಳ್ಳು ಇಳಿಯಲಿಲ್ಲ.

ಮುಂದಿನ ಗಂಟೆಗಳಲ್ಲಿ ನಾನು ರಸ್ತೆ ನೋಡಿದ್ದಕ್ಕಿಂತ ಆ ಮುಳ್ಳನ್ನು ನೋಡಿದ್ದೇ ಹೆಚ್ಚೇನೋ. ತೂಕ ಹೆಚ್ಚಿದ್ದರೆ ಕಂಪನಿಗೆ ಮಾತ್ರವಲ್ಲ, ಓಡಿಸುವವಳಿಗೂ ಶಿಕ್ಷೆ. ಲೈಸೆನ್ಸ್ ಕೈಗೆ ಬಂದು ಇನ್ನೂ ಹೊಸದು. ಮೊದಲ ಟ್ರಿಪ್ಪಿನಲ್ಲೇ ಸಿಕ್ಕಿಬಿದ್ದರೆ ಡಿಪೋದಲ್ಲಿ ಏನೇನು ಮಾತು ಬರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅರ್ಧ ದಾರಿಯ ಆಲ್ಬರಿ ಊರು ದಾಟಿ ಊಟಕ್ಕೆ ನಿಂತಾಗ ಗಾಡಿಯ ಸುತ್ತ ಒಂದು ಸುತ್ತು ಬಂದೆ. ಬಲಗಡೆಯ ಪರದೆ ಒಂದು ಕಡೆ ಸ್ವಲ್ಪ ಉಬ್ಬಿದಂತೆ ಕಂಡಿತು. ಅಂಕಲ್‌ಗೆ ಫೋನ್ ಮಾಡಿದೆ.

"ಅಂಕಲ್, ರೈಟ್ ಸೈಡ್ ಕರ್ಟನ್ ಸ್ವಲ್ಪ ಹೊರಗೆ ಬಂದಂಗಿದೆ."

"ಅದು ಗಾಳಿ ಮಾರಾಯ್ತಿ. ಇವತ್ತು ಗಾಳಿ ಜೋರು ಉಂಟಲ್ಲ. ನನ್ನದೂ ಹಾಗೇ ಉಬ್ಬುತ್ತದೆ. ಬೆಲ್ಟ್ ಎಲ್ಲ ಟೈಟ್ ಉಂಟಲ್ಲ?"

"ಟೈಟಾಗೇ ಇದೆ."

"ಮತ್ತೆಂತ ಹೆದರಿಕೆ? ಹೋಗಿ ಹೋಗಿ."

ಚಿತ್ರಾನ್ನದ ಡಬ್ಬಿ ತೆರೆದು, ಮತ್ತೆ ಹಾಗೇ ಮುಚ್ಚಿಟ್ಟೆ.

ಗೌಲ್‌ಬರ್ನ್ ಹತ್ತಿರವಾಗುತ್ತಿದ್ದಂತೆ ರೇಡಿಯೋದಲ್ಲಿ ಮಾತು ಶುರುವಾಯಿತು. ಲಾರಿಯವರೆಲ್ಲ ಒಂದೇ ಚಾನೆಲ್ ಹಾಕಿಕೊಂಡಿರುತ್ತೇವೆ. ಎದುರಿನಿಂದ ಬರುವವರು ಯಾರೋ, ಸ್ಟೇಷನ್ ತೆರೆದಿದೆ, ಒಳಗೆ ಉದ್ದ ಸಾಲಿದೆ ಎಂದರು. ಇನ್ನೊಂದು ಧ್ವನಿ, ಯಾರಿಗಾದರೂ ಅವಸರವಿದ್ದರೆ ಹೆದ್ದಾರಿ ಬಿಟ್ಟು ಒಳದಾರಿ ಹಿಡಿಯಿರಿ, ಸ್ಟೇಷನ್ ಆಚೆಗೆ ಬಂದು ಸೇರಬಹುದು ಎಂದಿತು. ನಾನು ಅಂಕಲ್‌ಗೆ ಮತ್ತೆ ಫೋನ್ ಮಾಡಿದೆ. ಅವರು ಈಗ ನನ್ನ ಹಿಂದೆ ಕೆಲವೇ ಕಿಲೋಮೀಟರ್ ದೂರದಲ್ಲಿದ್ದರು.

"ಒಳದಾರಿ ಅಂತಿದಾರಲ್ಲ ಅಂಕಲ್, ಅದು..."

"ಆ ಮಾತೇ ಬೇಡ!" ಅವರು ಯಾವತ್ತೂ ಅಷ್ಟು ಜೋರಾಗಿ ಮಾತಾಡಿದ್ದಿಲ್ಲ. "ಅಲ್ಲಿ ಹಳ್ಳ ದಾಟಲಿಕ್ಕೆ ಸಣ್ಣ ಸಣ್ಣ ಸಂಕ ಉಂಟು, ನಿಮ್ಮ ಭಾರಕ್ಕೆ ಅಲ್ಲ ಅದು. ಲೈಟ್ ಇದ್ದರೆ ಒಳಗೆ ಹೋಗಿ. ತೂಕ ಜಾಸ್ತಿ ಬಂದರೆ ಬರಲಿ, ನಾನು ಹಿಂದೆಯೇ ಇದ್ದೇನಲ್ಲ."

ಗೌಲ್‌ಬರ್ನ್ ಕಳೆಯಿತು. ಒಣಗಿದ ಹುಲ್ಲುಗಾವಲು, ಅಲ್ಲಲ್ಲಿ ಕುರಿಗಳು. ದೂರದಲ್ಲಿ ಬೋರ್ಡು ಕಂಡಿತು. ಹಳದಿ ದೀಪಗಳು ಮಿನುಗುತ್ತಿದ್ದವು. ಎಡಕ್ಕೆ ಸಿಗ್ನಲ್ ಹಾಕಿದೆ, ವೇಗ ತಗ್ಗಿಸಿದೆ, ಅಧಿಕಾರಿಗೆ ಏನು ಹೇಳಬೇಕೆಂದು ಇಂಗ್ಲಿಷಿನಲ್ಲಿ ಜೋಡಿಸಿಕೊಳ್ಳತೊಡಗಿದೆ. ನನ್ನ ಮುಂದಿದ್ದ ಲಾರಿ ಒಳಗೆ ತಿರುಗಿತು. ಅದರ ಹಿಂಭಾಗ ಇನ್ನೂ ತಿರುವಿನಲ್ಲಿರುವಾಗಲೇ ದೀಪಗಳು ಆರಿದವು.

ಒಂದು ಕ್ಷಣ ನನಗೆ ನಂಬಿಕೆಯಾಗಲಿಲ್ಲ. ರೇಡಿಯೋದಲ್ಲಿ ಯಾರೋ ನಗುತ್ತ, ಒಳಗೆ ಜಾಗ ತುಂಬಿತು, ಹೋಗಿ ಹೋಗಿ ಎಂದರು. ಸಿಗ್ನಲ್ ತೆಗೆದು ನೇರ ಹೋದೆ. ಕಾನೂನಿನ ಪ್ರಕಾರವೇ ಹೋದೆ. ಎಡಗಡೆ ಸ್ಟೇಷನ್ನಿನ ಚಾವಣಿ, ಕೆಳಗೆ ಒಂದರ ಹಿಂದೊಂದು ನಿಂತ ಲಾರಿಗಳು, ಕಿತ್ತಳೆ ಜಾಕೆಟ್ಟಿನ ಒಬ್ಬಾತ, ಎಲ್ಲ ಹಿಂದೆ ಸರಿದವು. ಬೆಳಗ್ಗೆಯಿಂದ ಹೆದರಿದ್ದು ಇದಕ್ಕೇ, ಅದು ಮುಗಿದಿತ್ತು. ಆದರೂ ಸಮಾಧಾನವಾಗಲಿಲ್ಲ. ಒಳಗೆ ಹೋಗಿದ್ದರೆ ಯಾರಾದರೂ ಗಾಡಿಯನ್ನು ನೋಡುತ್ತಿದ್ದರು. ಈಗ ಸಿಡ್ನಿಯವರೆಗೂ ಯಾರೂ ನೋಡುವುದಿಲ್ಲ. ಆ ಯೋಚನೆ ಬಂದದ್ದೇ ನನಗೆ ಇನ್ನಷ್ಟು ದಿಗಿಲಾಯಿತು.

ಸ್ವಲ್ಪ ದೂರದಲ್ಲಿ ರಸ್ತೆ ಎಡಕ್ಕೆ ಉದ್ದವಾಗಿ ಬಾಗುತ್ತದೆ. ಆ ತಿರುವಿನಲ್ಲಿ ಗಾಡಿ ಬಲಕ್ಕೆ ವಾಲಿತು. ತಿರುವು ಮುಗಿದ ಮೇಲೂ ವಾಲಿದ್ದು ಪೂರ್ತಿ ನೇರವಾಗಲಿಲ್ಲ. ಬಲಗನ್ನಡಿ ನೋಡಿದೆ. ಟ್ರೇಲರಿನ ನಡುವೆ ಪರದೆ ತುಂಬು ಬಸುರಿಯ ಹೊಟ್ಟೆಯ ಹಾಗೆ ಉಬ್ಬಿತ್ತು. ಗಾಳಿಗೆ ಉಬ್ಬಿದ ಪರದೆ ಪಟಪಟ ಬಡಿಯುತ್ತದೆ. ಇದು ಅಲುಗುತ್ತಲೇ ಇರಲಿಲ್ಲ. ಅದೇ ಹೊತ್ತಿಗೆ, ಹಿಂದೆ ಎರಡು ಪುಟ್ಟ ಸೈಕಲ್ ಕಟ್ಟಿಕೊಂಡ ಬಿಳಿ ಕಾರೊಂದು ನನ್ನನ್ನು ಹಿಂದಿಕ್ಕಲು ಬಲಗಡೆಯಿಂದ ಬಂತು. ಬಂದು, ಸರಿಯಾಗಿ ಆ ಉಬ್ಬಿನ ಪಕ್ಕಕ್ಕೇ ಬಂದು, ಮುಂದೆ ಹೋಗದೆ ಜೊತೆಜೊತೆಯಾಗಿ ಓಡತೊಡಗಿತು.

"ಹೋಗು, ಹೋಗಪ್ಪಾ, ಹೋಗು ಮುಂದೆ," ಎಂದು ಕನ್ನಡದಲ್ಲಿ ಕೂಗುತ್ತಿದ್ದೆ. ಬ್ರೇಕ್ ಒತ್ತಿದರೆ ಒಳಗಿನದು ಜಾರೀತು, ಒತ್ತದಿದ್ದರೆ ಕಾರು ದಾಟದು. ಆಕ್ಸಿಲರೇಟರಿನಿಂದ ಕಾಲನ್ನು ನಿಧಾನವಾಗಿ ತೆಗೆದೆ. ವೇಗ ತಾನಾಗಿ ಇಳಿಯಿತು. ಕಾರು ನನ್ನ ಕಿಟಕಿಗೆ ಸಮವಾದಾಗ ಹಿಂದಿನ ಸೀಟಿನ ಹುಡುಗಿಯೊಬ್ಬಳು, ಲಾರಿ ಕಂಡ ಮಕ್ಕಳೆಲ್ಲ ಮಾಡುವಂತೆ, ಹಾರ್ನ್ ಹಾಕೆಂದು ಹಗ್ಗ ಜಗ್ಗುವಂತೆ ಕೈಯೆಳೆದು ತೋರಿಸಿದಳು. ಕಾರು ಮುಂದೆ ಹೋಯಿತು. ನಾನು ಹಾರ್ನ್ ಹಾಕಲಿಲ್ಲ.

ಮುಂದೆ ಲಾರಿ ನಿಲ್ಲಿಸುವ ತಂಗುದಾಣವಿತ್ತು. ಅಪಾಯದ ದೀಪ ಹಾಕಿಕೊಂಡು, ಎತ್ತಿನ ಗಾಡಿಯಂತೆ ತೆವಳುತ್ತ ಅಲ್ಲಿ ಸೇರಿ, ಎಂಜಿನ್ ಆರಿಸಿದೆ. ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿದೆ.

ಅಂಕಲ್ ಬಂದದ್ದು ಸುಮಾರು ಹೊತ್ತಿನ ನಂತರ. ಅವರು ಬರುವಾಗ ದೀಪ ಮತ್ತೆ ಹತ್ತಿತ್ತಂತೆ. ಒಳಗೆ ಹೋಗಿ, ತೂಕ ಮಾಡಿಸಿಕೊಂಡು ಬಂದಿದ್ದರು. ಅಷ್ಟರಲ್ಲಿ ನಾನು ಬಲಗಡೆಯ ಬೆಲ್ಟೊಂದಕ್ಕೆ ಕೈ ಹಾಕಿದ್ದೆ.

"ಏಯ್! ಆ ಬದಿ ಮುಟ್ಟಬೇಡಿ!" ಗಾಡಿಯಿಂದ ಪೂರ್ತಿ ಇಳಿಯುವ ಮೊದಲೇ ಕೂಗಿದರು. "ಬಿಚ್ಚಿದರೆ ಎಲ್ಲ ನಿಮ್ಮ ತಲೆ ಮೇಲೆಯೇ."

ಎಡಗಡೆಯಿಂದ ಪರದೆ ಸರಿಸಿದೆವು. ನಡುವಿನ ಎರಡು ಅಟ್ಟಿಗಳ ಕೆಳಗಿನ ಮರ ಮುರಿದು, ಟೈಲ್ಸ್ ಪೆಟ್ಟಿಗೆಗಳು ಆಚೆಗೆ ವಾಲಿ, ಆ ಬಟ್ಟೆಯ ಪರದೆಯ ಮೇಲೆ ಒರಗಿ ನಿಂತಿದ್ದವು. ಅಂಕಲ್ ಬಗ್ಗಿ ನೋಡಿದರು. ಟೋಪಿ ತೆಗೆದರು, ಮತ್ತೆ ಹಾಕಿಕೊಂಡರು.

"ನಾನು ಗಾಳಿ ಅಂತ ಹೇಳಿದೆ," ಎಂದರು. "ನೀವು ಸರಿಯಾಗಿ ನೋಡಿದ್ದಿರಿ. ನಾನೇ ಗಾಳಿ ಅಂತ ಹೇಳಿದೆ."

"ಬಿಡಿ ಅಂಕಲ್, ಆಗ ಇಷ್ಟು ಇರಲಿಲ್ಲ."

"ಇಳಿಜಾರು ಬರಲಿಕ್ಕಿತ್ತು ಇನ್ನು ಮುಂದೆ," ಎಂದಷ್ಟೇ ಹೇಳಿ ಅತ್ತ ತಿರುಗಿದರು.

ಸೂಪರ್‌ವೈಸರ್‌ಗೆ ಫೋನ್ ಮಾಡಿದೆ. ಅವನ ಮೊದಲ ಪ್ರಶ್ನೆ, ಸ್ಟೇಷನ್ನಿನಲ್ಲಿ ಹಿಡಿದರಾ ಎಂದು. ಇಲ್ಲ, ದೀಪ ಆರಿತ್ತು, ನೇರ ಬಂದೆ ಎಂದೆ. ಹಾಗಾದರೆ ನಿಂತದ್ದು ಯಾಕೆ ಎಂದ. ಫೋಟೋ ಕಳಿಸಿದೆ. ಇನ್ನೊಂದು ಬೆಲ್ಟ್ ಬಿಗಿದು ನಿಧಾನವಾಗಿ ಹೋಗು, ಇನ್ನು ಉಳಿದದ್ದು ಎಷ್ಟು ದೂರ ಮಹಾ ಎಂದ. ಇಡೀ ದಿನ ಹೆದರಿ ಹೆದರಿ ಸಾಕಾಗಿತ್ತೋ ಏನೋ, ನನ್ನ ಧ್ವನಿ ನಡುಗಲಿಲ್ಲ. "ನಾನು ಈ ಗಾಡಿಯನ್ನು ಇಲ್ಲಿಂದ ಕದಲಿಸುವುದಿಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವನು ಅಂಕಲ್‌ಗೆ ಫೋನ್ ಕೊಡು ಎಂದ. ಅಂಕಲ್ ಫೋನಿನತ್ತ ಬಗ್ಗಿ, "ಶಿ ಈಸ್ ದ ಡ್ರೈವರ್," ಎಂದು ಹೇಳಿ, ಫೋನನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ.

ಗೌಲ್‌ಬರ್ನಿನಿಂದ ಫೋರ್ಕ್‌ಲಿಫ್ಟ್ ಮತ್ತು ಖಾಲಿ ಲಾರಿ ಬರುವ ತನಕ ಇಬ್ಬರೂ ಅಂಕಲ್ ಕ್ಯಾಬಿನ್ನಿನಲ್ಲಿ ಕೂತೆವು. ಆಗ ಹಸಿವಾಯಿತು. ಚಿತ್ರಾನ್ನ ಹಂಚಿಕೊಂಡು ತಿಂದೆವು. ಉಪ್ಪು ಕಡಿಮೆ ಎಂದರು. ಹೌದು, ಕಡಿಮೆಯೇ ಇತ್ತು. ವಾಲಿದ್ದ ಅಟ್ಟಿಗಳನ್ನು ಇಳಿಸಿದವರು, ಅಡಿಯಲ್ಲಿ ಕೊಳೆತ ಮರದ ಮಣೆ ಹಾಕಿದ್ದರೆಂದು ತೋರಿಸಿದರು. ಉಳಿದ ಭಾರ ಹೊತ್ತು ರಾತ್ರಿ ಸಿಡ್ನಿ ತಲುಪಿದೆ. ಒಟ್ಟು ಭಾರ ನಿಜಕ್ಕೂ ಮಿತಿ ಮೀರಿತ್ತೋ ಇಲ್ಲವೋ ಎಂಬುದು ಗೊತ್ತಾಗಲೇ ಇಲ್ಲ. ಯಾರೂ ತೂಗಿರಲಿಲ್ಲವಲ್ಲ.

ಆ ಕಂಪನಿಯಲ್ಲಿ ಮುಂದೆ ನನಗೆ ದೂರದ ಟ್ರಿಪ್ ಕೊಡಲಿಲ್ಲ. ಕಾರಣ ಕೇಳಿದರೆ ಟ್ರಿಪ್ ಇಲ್ಲ ಎನ್ನುತ್ತಿದ್ದರು. ಕೊನೆಗೆ ಬಿಟ್ಟು ಬೇರೆ ಕಡೆ ಸೇರಿದೆ. ಹೊಸ ಜಾಗದಲ್ಲಿ ಡಿಪೋದ ಒಳಗೇ ತೂಕದ ಯಂತ್ರವಿದೆ. ಲೋಡ್ ಆದ ಮೇಲೆ ಅದರ ಮೇಲೆ ಹತ್ತಿಸಿ, ಎರಡೂ ಬದಿ ಬಿಚ್ಚಿ ನೋಡಿಯೇ ಹೊರಡುತ್ತೇನೆ. ಹೊತ್ತಾಗುತ್ತದೆ, ಹಿಂದಿನವರು ಗೊಣಗುತ್ತಾರೆ. ಅಷ್ಟಾದರೂ ಆ ಎಡ ತಿರುವು ಬಂದಾಗ ಕಣ್ಣು ತಾನಾಗಿ ಬಲಗನ್ನಡಿಗೆ ಹೋಗುತ್ತದೆ. ಪಕ್ಕದಲ್ಲಿ ಕಾರೇನಾದರೂ ಜೊತೆಗೆ ಓಡುತ್ತಿದ್ದರೆ, ನಾನೇ ವೇಗ ತಗ್ಗಿಸಿ ಅದನ್ನು ಮುಂದೆ ಬಿಡುತ್ತೇನೆ.